ಮುಳಶಿಯ ಸೇನಾಪತಿ

ಪುಣೆಯಲ್ಲಿ ಒಂದು ದೊಡ್ಡ ರಸ್ತೆಗೆ ಸೇನಾಪತಿ ಬಾಪಟರ ಹೆಸರಿದೆ. ಮುಂಬಯಿಯಲ್ಲಿಯೂ ಒಂದು ಮಾರ್ಗಕ್ಕೆ ಅದೇ ಹೆಸರು. ಕೆಲವು ವರ್ಷಗಳ ಹಿಂದೆ ಗ್ರಂಥಾಲಯದ ಕೆಲಸಕ್ಕೆಂದು ಪುಣೆಯಲ್ಲಿ ತಂಗಿದ್ದಾಗ ನಾನು ಪ್ರತಿದಿನವೂ ಆ ರಸ್ತೆಯನ್ನು ಹಾದುಹೋಗಬೇಕಾಗಿತ್ತು. ಇಬ್ಬದಿಗಳಲ್ಲಿ ಎತ್ತರವಾದ ಕಟ್ಟಡಗಳು. ಇರುಳನ್ನು ಹಗಲು ಮಾಡುವ ದೀಪಗಳು. ಬಿಡುವಿಲ್ಲದ ವಾಹನಗಳ ಸಾಲು. ಈ ಸೇನಾಪತಿ ಯಾವ ಸೈನ್ಯಕ್ಕೆ ಒಡೆಯನಾಗಿದ್ದನೆಂದು ಜೊತೆಯಲ್ಲಿದ್ದ ಇಬ್ಬರು ವಿದ್ಯಾರ್ಥಿಗಳನ್ನು ಒಂದು ಸಂಜೆ ಕೇಳಿದೆ. ಒಬ್ಬನು ಪೇಶವೆಯರ ಕಾಲದ ದಂಡನಾಯಕನಿರಬೇಕೆಂದ. ಇನ್ನೊಬ್ಬನು ನೇತಾಜಿಯವರ ಸೈನ್ಯವನ್ನು ಹೆಸರಿಸಿದ. ಎರಡೂ ತಪ್ಪು. ಆ ಸೈನ್ಯದಲ್ಲಿ ಕುದುರೆಯಿರಲಿಲ್ಲ, ಫಿರಂಗಿಯಿರಲಿಲ್ಲ. ಇದ್ದವರು ಸಹ್ಯಾದ್ರಿಯ ಕಣಿವೆಯೊಂದರಲ್ಲಿ ಭತ್ತ ಬೆಳೆಯುತ್ತಿದ್ದ ಬಡ ಒಕ್ಕಲುಗಳು. ಅವರು ಹೋರಾಡಿದ್ದು ತಮ್ಮ ಗದ್ದೆಗಳಿಗಾಗಿ. ಗೆದ್ದದ್ದು ಮಾತ್ರ ನೀರು.

ಕನ್ನಡಿಗರಿಗೆ ಈ ಹೆಸರು ತೀರ ಅಪರಿಚಿತವಲ್ಲ. ಆದರೆ ಪರಿಚಯವಾದದ್ದು ಬೇರೊಂದು ದಾರಿಯಿಂದ. 1966ರಲ್ಲಿ, ತಮ್ಮ 85ನೆಯ ವಯಸ್ಸಿನಲ್ಲಿ, ಬಾಪಟರು ಬೆಳಗಾವಿಯೇ ಮೊದಲಾದ ಗಡಿನಾಡು ಮಹಾರಾಷ್ಟ್ರಕ್ಕೆ ಸೇರಬೇಕೆಂದು ಉಪವಾಸ ಕೈಗೊಂಡರು. ಅದೇ ವರ್ಷ ಮಹಾಜನ ಆಯೋಗದ ನೇಮಕವಾಯಿತು. 1967ರಲ್ಲಿ ಬಂದ ಅದರ ವರದಿಯನ್ನು ನಮ್ಮ ರಾಜ್ಯ ಒಪ್ಪಿತು, ಮಹಾರಾಷ್ಟ್ರ ಒಪ್ಪಲಿಲ್ಲ. ಹೀಗಾಗಿ, ನಾನು ಬಾಪಟರ ಜೀವನವನ್ನು ಬರೆಯಹೊರಟಿದ್ದೇನೆಂದು ಹೇಳಿದಾಗ ಬೆಳಗಾವಿಯ ಕಡೆಯ ಹಿರಿಯ ಮಿತ್ರರೊಬ್ಬರು ಹುಬ್ಬು ಗಂಟಿಕ್ಕಿದರು. ಕನ್ನಡ ನೆಲವನ್ನು ಕೇಳಿದವರನ್ನು ಕನ್ನಡದಲ್ಲಿ ಕೊಂಡಾಡುವುದೇ ಎಂಬುದು ಅವರ ಆಕ್ಷೇಪ. ಗಡಿಯ ವಿಷಯದಲ್ಲಿ ನಾನೂ ಬಾಪಟರ ಪಕ್ಷದವನಲ್ಲ. ಆದರೆ ಮನುಷ್ಯನಿಗೆ ತನ್ನ ನೆಲದೊಡನೆ ಇರುವ ಸಂಬಂಧವೇನು, ಆ ನೆಲವನ್ನು ಹತ್ತು ಜನರ ಹಿತದ ಹೆಸರಿನಲ್ಲಿ ತೆಗೆದುಕೊಂಡಾಗ ಅವನಿಗೆ ಸಲ್ಲಬೇಕಾದದ್ದೇನು ಎಂಬ ಪ್ರಶ್ನೆಯನ್ನು ಈ ದೇಶದಲ್ಲಿ ಮೊದಮೊದಲು ಗಟ್ಟಿಯಾಗಿ ಕೇಳಿದವರಲ್ಲಿ ಅವರು ಪ್ರಮುಖರು. ಆ ಪ್ರಶ್ನೆಗೆ ಭಾಷೆಯ ಗಡಿಯಿಲ್ಲ.

*

ಪಾಂಡುರಂಗ ಮಹಾದೇವ ಬಾಪಟರು ಹುಟ್ಟಿದ್ದು 1880ರ ನವೆಂಬರ್ 12ರಂದು, ಅಹಮದನಗರ ಜಿಲ್ಲೆಯ ಪಾರನೇರಿನಲ್ಲಿ. ಮನೆತನದ ಮೂಲ ಕೊಂಕಣದ ರತ್ನಾಗಿರಿಯ ಕಡೆಯದು. ಮನೆಯಲ್ಲಿ ಸಂಪತ್ತಿರಲಿಲ್ಲ, ಹುಡುಗನಲ್ಲಿ ಬುದ್ಧಿಯಿತ್ತು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಪದವಿ ಮುಗಿಸಿದ ಮೇಲೆ ಮಂಗಳದಾಸ ನಾಥೂಭಾಯಿ ವಿದ್ಯಾರ್ಥಿವೇತನ ದೊರೆತು, 1904ರಲ್ಲಿ ಯಂತ್ರಶಾಸ್ತ್ರವನ್ನು ಕಲಿಯಲು ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಹೋದರು.

ಈ ಒಂದು ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ನನ್ನ ಬಿನ್ನಹ. ಮುಂದೆ ಅಣೆಕಟ್ಟಿಗೆ ಅಡ್ಡನಿಂತವರು ಯಂತ್ರವನ್ನು ಕಂಡು ಬೆದರಿದ ಹಳ್ಳಿಗರಲ್ಲ. ಯಂತ್ರವಿದ್ಯೆಯನ್ನೇ ಕಲಿಯಲು ಸಮುದ್ರ ದಾಟಿದವರು. ಬೀಳುವ ನೀರಿಗೆ ಎಷ್ಟು ಬಲವಿದೆಯೆಂಬುದು ಅವರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ.

ಆದರೆ ಆ ವಿದ್ಯೆ ಪೂರ್ಣವಾಗಲಿಲ್ಲ. ಎಡಿನ್‌ಬರೋದ ಸಭೆಯೊಂದರಲ್ಲಿ ಇಂಗ್ಲಿಷರ ಆಳ್ವಿಕೆಯನ್ನು ಖಂಡಿಸಿ ಮಾತನಾಡಿದ್ದರಿಂದ ವಿದ್ಯಾರ್ಥಿವೇತನ ನಿಂತುಹೋಯಿತು. ಲಂಡನ್ನಿನ ಇಂಡಿಯಾ ಹೌಸ್‌ನ ನಂಟು ಬೆಳೆಯಿತು. ಶ್ಯಾಮಜಿ ಕೃಷ್ಣವರ್ಮರ, ಸಾವರ್ಕರರ ಒಡನಾಟವಾಯಿತು. ಅಲ್ಲಿಂದ ಪ್ಯಾರಿಸ್ಸಿಗೆ ಹೋಗಿ, ಬಂಗಾಳದ ಹೇಮಚಂದ್ರ ದಾಸರೊಡನೆ ರಷ್ಯದ ಕ್ರಾಂತಿಕಾರರಿಂದ ಬಾಂಬು ತಯಾರಿಸುವ ವಿದ್ಯೆಯನ್ನು ಸಂಪಾದಿಸಿದರು. ಸೇತುವೆ ಕಟ್ಟುವುದನ್ನು ಕಲಿಯಹೋದ ತರುಣ, ಸಿಡಿಮದ್ದಿನ ಕೈಪಿಡಿಯೊಂದಿಗೆ 1908ರಲ್ಲಿ ತಾಯ್ನಾಡಿಗೆ ಮರಳಿದ.

ಅದೇ ವರ್ಷ ಅಲಿಪುರದ ಬಾಂಬಿನ ಮೊಕದ್ದಮೆ ನಡೆಯಿತು. ಬಾಪಟರ ಹೆಸರೂ ಹೊರಬಿದ್ದುದರಿಂದ ಅವರು ತಲೆಮರೆಸಿಕೊಳ್ಳಬೇಕಾಯಿತು. ಸುಮಾರು ನಾಲ್ಕು ವರ್ಷ ಊರಿಂದೂರಿಗೆ ಅಲೆದರು. ಈ ಅಲೆದಾಟ ಅವರ ಜೀವನದ ತಿರುವು. ತಾವು ಯಾರ ಬಿಡುಗಡೆಗಾಗಿ ಪ್ರಾಣವನ್ನು ಪಣಕ್ಕಿಟ್ಟಿದ್ದರೋ ಆ ಜನರಲ್ಲಿ ಬಹುಮಂದಿಗೆ ದೇಶವನ್ನು ಪರರು ಆಳುತ್ತಿದ್ದಾರೆಂಬ ಅರಿವೇ ಇಲ್ಲವೆಂಬುದನ್ನು ಅವರು ಕಣ್ಣಾರೆ ಕಂಡರು. ಅರಿವಿಲ್ಲದವರ ಹೆಸರಿನಲ್ಲಿ ಬಾಂಬು ಎಸೆದರೆ ಯಾರು ಬಿಡುಗಡೆ ಹೊಂದಿದಂತಾಯಿತು? ಮೊದಲು ಜನರ ನಡುವೆ ಬಾಳಬೇಕು, ಅನಂತರ ಅವರ ಪರವಾಗಿ ಮಾತನಾಡಬೇಕು ಎಂಬ ಕಡೆಗೆ ಅವರ ಮನಸ್ಸು ಹೊರಳಿತು.

1912ರಲ್ಲಿ ಅವರು ಸೆರೆಯಾದರು. 1915ರ ಹೊತ್ತಿಗೆ ಹೊರಗಿದ್ದರು. ಪುಣೆಯಲ್ಲಿ ಕೆಲಕಾಲ ಪತ್ರಿಕೆಗಳ ಕೆಲಸ ಮಾಡಿದರು. ಟಿಳಕರ ಬಳಗಕ್ಕೆ ಹತ್ತಿರವಾದರು. ಆದರೆ ಪಾರನೇರಿನ ಜನ ಅವರನ್ನು ನೆನೆಯುತ್ತಿದ್ದುದು ಬೇರೆ ಕಾರಣಕ್ಕಾಗಿ. ಬೆಳಗಾಗುತ್ತಲೇ ಪೊರಕೆ ಹಿಡಿದು ಊರ ಓಣಿಗಳನ್ನು ಗುಡಿಸುವುದನ್ನು ಅವರು ನಿತ್ಯಕರ್ಮವಾಗಿ ಇಟ್ಟುಕೊಂಡಿದ್ದರು. ಮಗನ ನಾಮಕರಣದ ದಿನ ಮೊದಲ ಪಂಕ್ತಿಯ ಊಟಕ್ಕೆ ಅವರು ಕೂರಿಸಿದ್ದು ಅಸ್ಪೃಶ್ಯರೆಂದು ಸಮಾಜ ದೂರವಿಟ್ಟಿದ್ದವರನ್ನು. ಚಿತ್ಪಾವನ ಬ್ರಾಹ್ಮಣನ ಮನೆಯಲ್ಲಿ, ಆ ಕಾಲದಲ್ಲಿ, ಇದು ಬಾಂಬಿಗಿಂತ ಕಡಿಮೆಯ ಸ್ಫೋಟವಾಗಿರಲಾರದು.

*

ಇನ್ನು ಮುಳಶಿಯ ಕಥೆ. ಪುಣೆಯಿಂದ ಪಶ್ಚಿಮಕ್ಕೆ ಹೊರಟರೆ ನೆಲ ಮೆಲ್ಲಮೆಲ್ಲನೆ ಏರುತ್ತ ಸಹ್ಯಾದ್ರಿಯ ಬೆನ್ನಿಗೆ ತಾಗುತ್ತದೆ. ಇದು ಮಾವಳ ಪ್ರಾಂತ. ಶಿವಾಜಿ ಮಹಾರಾಜರ ಕಾಲಾಳು ಪಡೆಯ ಮಾವಳಿಗಳು ಈ ಕಣಿವೆಗಳ ಮಕ್ಕಳು. ಇಲ್ಲಿ ಮುಳಾ ಮತ್ತು ನಿಲಾ ಎಂಬ ಎರಡು ಹೊಳೆಗಳು ಸೇರುತ್ತವೆ. ಮಳೆ ವಿಪರೀತ, ಮಣ್ಣು ಭತ್ತಕ್ಕೆ ಹೇಳಿ ಮಾಡಿಸಿದ್ದು. ಮಾವಿನ ಹೂವಿನ ಕಂಪುಳ್ಳ ಅಂಬೇಮೋಹರ ಎಂಬ ಅಕ್ಕಿ ಈ ಸೀಮೆಯ ಹೆಸರನ್ನು ದೂರದವರೆಗೆ ಒಯ್ದಿದೆ.

ಈ ಹೊಳೆಗಳ ಮುಂದಿನ ಪಯಣವನ್ನು ಹೇಳಬೇಕು. ಅದರಲ್ಲಿ ನನ್ನ ಊರಿನ ಪಾಲೂ ಇದೆ. ಮುಳೆಯು ಪುಣೆಯಲ್ಲಿ ಮುಠೆಯನ್ನು ಕೂಡಿಕೊಂಡು, ಪೂರ್ವಕ್ಕೆ ಹರಿದು, ಭೀಮೆಯನ್ನು ಸೇರುತ್ತದೆ. ಭೀಮೆ ಪಂಢರಪುರದ ವಿಠಲನ ಪಾದವನ್ನು ಬಳಸಿ, ವಿಜಯಪುರ ಕಲಬುರಗಿಗಳ ನೆಲವನ್ನು ತೋಯಿಸಿ, ರಾಯಚೂರಿನ ಕಡೆಯಲ್ಲಿ ಕೃಷ್ಣೆಯಲ್ಲಿ ಒಂದಾಗುತ್ತದೆ. ನಾನು ಭೀಮಾತೀರದವನು. ಬೇಸಗೆಯಲ್ಲಿ ಮರಳಾಗಿ ಮಲಗುವ ಹೊಳೆಯನ್ನು ನೋಡುತ್ತ ಬೆಳೆದವನು. ಮುಳಶಿಯ ಮಳೆಗೂ ನಮ್ಮ ಊರ ದಂಡೆಗೂ ಇರುವ ನಂಟು ನನಗೆ ತಿಳಿದದ್ದು ತೀರ ತಡವಾಗಿ.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮುಂಬಯಿಯ ಹತ್ತಿ ಗಿರಣಿಗಳು ಕಲ್ಲಿದ್ದಲಿನ ಉಗಿಯಿಂದ ನಡೆಯುತ್ತಿದ್ದವು. ಕಲ್ಲಿದ್ದಲು ದುಬಾರಿ, ಹೊಗೆಯೋ ನಗರದ ಉಸಿರನ್ನೇ ಕಟ್ಟುತ್ತಿತ್ತು. ಸಹ್ಯಾದ್ರಿಯ ನೆತ್ತಿಯ ಮೇಲೆ ಮಳೆನೀರನ್ನು ತಡೆದು, ಪಶ್ಚಿಮದ ಕಡಿದಾದ ಇಳಿಜಾರಿನಲ್ಲಿ ಕೊಂಕಣಕ್ಕೆ ಬೀಳಿಸಿ, ಆ ರಭಸದಿಂದ ವಿದ್ಯುತ್ತನ್ನು ಪಡೆಯಬಹುದೆಂಬುದು ಜಮಶೇಟಜಿ ಟಾಟಾ ಅವರು ಕಂಡ ಕನಸು. ಅವರು ತೀರಿಕೊಂಡ ಮೇಲೆ ಅದು ನನಸಾಯಿತು. 1915ರಲ್ಲಿ ಖೋಪೋಲಿಯ ವಿದ್ಯುದಾಗಾರ, 1922ರಲ್ಲಿ ಭಿವಪುರಿಯದು ಕೆಲಸ ಮಾಡತೊಡಗಿದವು. ಮೂರನೆಯ ಯೋಜನೆಗೆ ಆರಿಸಿದ ಸ್ಥಳ ಮುಳಶಿ. ಅದಕ್ಕಾಗಿ 1919ರಲ್ಲಿ ಪ್ರತ್ಯೇಕ ಕಂಪನಿಯೊಂದು ಸ್ಥಾಪನೆಯಾಯಿತು. ಯೋಜನೆ ಅದ್ಭುತವಾದದ್ದೆಂಬುದರಲ್ಲಿ ಸಂಶಯವಿಲ್ಲ. ನೀರು ಸುಮಾರು 500 ಮೀಟರಿನಷ್ಟು ಕೆಳಗಿಳಿದು ಭೀರಾ ಎಂಬಲ್ಲಿ ಯಂತ್ರಗಳನ್ನು ತಿರುಗಿಸಬೇಕು. ವಿದ್ಯುತ್ತು ತಂತಿಯೇರಿ ಮುಂಬಯಿಗೆ ಹೋಗಬೇಕು.

ಆದರೆ ಕಣಿವೆ ಬರಿದಾಗಿರಲಿಲ್ಲ. 50ಕ್ಕೂ ಮಿಕ್ಕಿ ಹಳ್ಳಿಗಳು, ಸುಮಾರು 11,000 ಜನ ನೀರಿನ ಪಾಲಾಗುವ ಲೆಕ್ಕದಲ್ಲಿದ್ದರು. ಅವರನ್ನು ಯಾರೂ ಕೇಳಲಿಲ್ಲ. ಭೂಮಿಯನ್ನು ವಿಧಿಪ್ರಕಾರ ವಶಕ್ಕೆ ತೆಗೆದುಕೊಳ್ಳುವುದಕ್ಕೆ ಮುಂಚೆಯೇ ಗದ್ದೆಗಳಲ್ಲಿ ಪರೀಕ್ಷೆಯ ಗುಂಡಿಗಳು ಬಿದ್ದವು.

*

ಸರ್ಕಾರದ ಕೈಯಲ್ಲಿ 1894ರ ಭೂಸ್ವಾಧೀನ ಕಾಯಿದೆಯಿತ್ತು. ಸಾರ್ವಜನಿಕ ಉದ್ದೇಶಕ್ಕೆ, ಕೆಲವು ನಿಬಂಧನೆಗಳಿಗೆ ಒಳಪಟ್ಟು ಕಂಪನಿಗಳಿಗೂ, ಭೂಮಿಯನ್ನು ಕಡ್ಡಾಯವಾಗಿ ತೆಗೆದುಕೊಡಲು ಅದು ಅಧಿಕಾರ ಕೊಡುತ್ತಿತ್ತು. ಪೇಟೆಯ ಬೆಲೆ, ಒತ್ತಾಯದ ಖರೀದಿಯಾದ್ದರಿಂದ ಅದರ ಮೇಲೆ ನೂರಕ್ಕೆ 15ರಷ್ಟು ಹೆಚ್ಚಿಗೆ. ಇಷ್ಟನ್ನು ಕೊಟ್ಟರೆ ಕಾಯಿದೆಯ ಮನಸ್ಸಾಕ್ಷಿಗೆ ತೃಪ್ತಿ. ಹೊರಟವನು ಎಲ್ಲಿಗೆ ಹೋದ, ಮರುವರ್ಷ ಏನು ಉಂಡ ಎಂಬುದು ಅದರ ಚಿಂತೆಯಲ್ಲ.

ಮುಳಶಿಯಲ್ಲಿ ಈ ಕುರುಡುತನ ಎಷ್ಟು ಕ್ರೂರವಾಯಿತೆಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಗದ್ದೆಯನ್ನು ಉಳುತ್ತಿದ್ದವನು ಮಾವಳಿ. ಆದರೆ ಬಹಳಷ್ಟು ಭೂಮಿ ಸಾಲದ ಮೂಲಕವೋ ಹಳೆಯ ಹಕ್ಕಿನ ಮೂಲಕವೋ ಪುಣೆಯ ಸಾಹುಕಾರರ, ಜಮೀನುದಾರರ ಕೈಯಲ್ಲಿತ್ತು. ಅವರಿಗೆ ಆ ನೆಲ ವರ್ಷಕ್ಕೊಮ್ಮೆ ಬರುವ ಗೇಣಿ, ಇಲ್ಲವೆ ಬಡ್ಡಿ. ಅದರ ಬದಲಿಗೆ ಹಣದ ಗಂಟು ಬಂದರೆ ಅವರಿಗೆ ನಷ್ಟವೇನಿಲ್ಲ. ಪುಣೆಯ ಮನೆಯಲ್ಲಿಯೇ ಕೂತು ಇನ್ನೊಂದು ಕಡೆ ಹೂಡಬಹುದು. ಉಳುವವನಿಗಾದರೋ ಆ ನೆಲವೇ ಅನ್ನ. ಅದು ಅವನ ಎತ್ತಿಗೆ ಹುಲ್ಲು. ಬೆಟ್ಟದ ಸೌದೆ, ಹೊಳೆಯ ಮೀನು, ಹಿತ್ತಿಲ ಮಾವು ಅದರ ಜೊತೆಗೆ ಬಂದವು. ಇವಕ್ಕೆ ಬೆಲೆ ಕಟ್ಟಿದವರಾರು? ಹಣ ಬಂದರೂ ಅದರಲ್ಲಿ ಮೊದಲ ಪಾಲು ಸಾಲಗಾರನದು.

ಇನ್ನು ನೆಲವೇ ಇಲ್ಲದವರು. ಮಹಾರಾಷ್ಟ್ರದ ಬಲುತೇದಾರರೆಂದರೆ ನಮ್ಮ ಕಡೆಯ ಆಯಗಾರರು. ಬಡಗಿ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕ ಇವರೆಲ್ಲ ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತಮ್ಮ ಆಯದ ಕಾಳನ್ನು ಪಡೆದು ವರ್ಷವನ್ನು ಕಳೆಯುವವರು. ಅವರ ಆಸ್ತಿಯೆಂದರೆ ಊರು. ಊರೆಂಬುದು ಚದರಿದರೆ ಅವರ ಕೈಯ ಕಸಬು ಕೈಯಲ್ಲಿಯೇ ಉಳಿದು ಹೊಟ್ಟೆ ಬರಿದಾಗುತ್ತದೆ. ಕಾಯಿದೆಯ ಪಟ್ಟಿಯಲ್ಲಿ ಊರು ಎಂಬ ಆಸ್ತಿಗೆ ಕಾಲಂ ಇರಲಿಲ್ಲ.

ಪರಿಹಾರ ಬೇರೆ, ಬದುಕು ಬೇರೆ. ಒಂದನ್ನು ಖಜಾನೆಯಿಂದ ಎಣಿಸಿ ಕೊಡಬಹುದು. ಇನ್ನೊಂದನ್ನು ಮತ್ತೆ ಕಟ್ಟಿಕೊಡಬೇಕು. ಮುಳಶಿಯ ಜನಕ್ಕೆ ಈ ಅಂತರ ತಿಳಿದಿತ್ತು. ಪ್ರಾಣವನ್ನಾದರೂ ಕೊಟ್ಟೇವು, ಭೂಮಿಯನ್ನು ಕೊಡೆವು ಎಂಬುದು ಅವರ ಪ್ರತಿಜ್ಞೆಯಾಯಿತು.

1921ರ ಏಪ್ರಿಲ್ 16, ಶ್ರೀರಾಮನವಮಿ. ಅಂದು ಸುಮಾರು 1,200 ಸತ್ಯಾಗ್ರಹಿಗಳು ಅಣೆಕಟ್ಟಿನ ಕೆಲಸ ನಡೆಯುತ್ತಿದ್ದ ಜಾಗಕ್ಕೆ ನಡೆದುಹೋಗಿ ಕೂತರು. ಕೆಲಸ ನಿಂತಿತು. ಹೆಂಗಸರೂ ಮುಂದೆ ಬಂದರು. ಪುಣೆಯ ಕಾಂಗ್ರೆಸ್ಸಿಗರು ಬೆಂಬಲಿಸಿದರು. ವಿನಾಯಕರಾವ್ ಭುಸ್ಕುಟೆಯವರು, ಶಂಕರರಾವ್ ದೇವರು ಈ ಹೋರಾಟದಲ್ಲಿ ದುಡಿದವರು. ಗಾಂಧೀಜಿ ಅದೇ ತಿಂಗಳು ತಮ್ಮ ಪತ್ರಿಕೆಯಲ್ಲಿ ಈ ಸತ್ಯಾಗ್ರಹಿಗಳನ್ನು ಅಭಿನಂದಿಸಿ, ಟಾಟಾ ಮನೆತನವು ಕಾನೂನಿನ ಬಲವನ್ನು ನೆಚ್ಚದೆ ಜನರೊಡನೆಯೇ ಮಾತನಾಡಿ ತೀರ್ಮಾನಕ್ಕೆ ಬರಬೇಕೆಂದು ಆಶಿಸಿದರು. ಕಂಪನಿ ಆರು ತಿಂಗಳ ಮಟ್ಟಿಗೆ ಕೆಲಸವನ್ನು ನಿಲ್ಲಿಸಲು ಒಪ್ಪಿತು. ಈ ಹೋರಾಟದ ಮುಂದಾಳಾದ ಪಾಂಡುರಂಗ ಬಾಪಟರು ಜನರ ಬಾಯಲ್ಲಿ ಸೇನಾಪತಿಯಾದರು. ಯಾವ ಅರಸನೂ ಕೊಡದ ಪದವಿ ಅದು. ಆದ್ದರಿಂದಲೇ ಯಾವ ಸರ್ಕಾರವೂ ಅದನ್ನು ಕಿತ್ತುಕೊಳ್ಳಲಾಗಲಿಲ್ಲ.

*

ಆರು ತಿಂಗಳು ಕಳೆದವು. ಡಿಸೆಂಬರಿನಲ್ಲಿ ಕೆಲಸ ಮತ್ತೆ ಮೊದಲಾಯಿತು. ಸತ್ಯಾಗ್ರಹವೂ ಮೊದಲಾಯಿತು, ಈ ಸಲ ಸೆರೆಮನೆಗಳು ತುಂಬಿದವು. ಬಾಪಟರು ಪದೇ ಪದೇ ಒಳಗೆ ಹೋಗಿ ಬಂದರು. ಆದರೆ ಹೋರಾಟವನ್ನು ಮುರಿದದ್ದು ಸೆರೆಮನೆಯಲ್ಲ, ಒಳಗಿನ ಬಿರುಕು.

ಭೂಮಿಯ ಒಡೆತನವಿದ್ದವರಿಗೆ ಬೇಕಾದದ್ದು ಹೆಚ್ಚಿನ ಬೆಲೆ. ಉಳುವವರಿಗೆ ಬೇಕಾದದ್ದು ಭೂಮಿ. ಆರಂಭದಲ್ಲಿ ಇಬ್ಬರೂ ಒಂದೇ ಧ್ವಜದ ಕೆಳಗೆ ನಿಂತಿದ್ದರು. ಬೆಲೆಯ ಮಾತು ಒಂದು ಹದಕ್ಕೆ ಬಂದಂತೆ ಮೊದಲನೆಯವರಿಗೆ ಕದನದಲ್ಲಿ ಆಸಕ್ತಿ ಕುಗ್ಗಿತು. ಪರಿಹಾರವನ್ನು ಒಪ್ಪಿಕೊಂಡು ಹಿಂದೆ ಸರಿಯುವವರ ಸಂಖ್ಯೆ ಬೆಳೆಯಿತು. ಪುಣೆಯ ಮುಖಂಡರ ಉತ್ಸಾಹವೂ ಇಳಿಯಿತು. ಕೊನೆಗೆ ಗದ್ದೆಯ ಬದುವಿನ ಮೇಲೆ ಉಳಿದವರು ಮಾವಳಿಗಳು ಮತ್ತು ಬಾಪಟರಂಥ ಕೆಲವರು.

1924ರ ಹೊತ್ತಿಗೆ ಗಾಂಧೀಜಿಯವರ ಸಲಹೆಯೂ ಬದಲಾಯಿತು. ಬಹುಮಂದಿ ಪರಿಹಾರವನ್ನು ಪಡೆದಾಗಿದೆ; ಅಣೆಕಟ್ಟು ಅರ್ಧದಷ್ಟು ಎದ್ದಿದೆ; ಹೋರಾಟದ ನಾಯಕನಿಗೆ ಅಹಿಂಸೆಯಲ್ಲಿ ಪೂರ್ಣ ನಂಬಿಕೆಯಿಲ್ಲ. ಆದ್ದರಿಂದ ಚಳವಳಿಯನ್ನು ಕೈಬಿಡುವುದು ಲೇಸೆಂದು ಅವರ ಅಭಿಪ್ರಾಯ. ಮೂರು ಮಾತುಗಳಲ್ಲಿ ಯಾವುದನ್ನೂ ಸುಳ್ಳೆನ್ನಲಾಗದು. ಆದರೂ ಮೊದಲನೆಯ ಮಾತನ್ನು ಓದಿದಾಗಲೆಲ್ಲ ನನ್ನ ಮನಸ್ಸು ತಡೆದು ನಿಲ್ಲುತ್ತದೆ. ಪರಿಹಾರವನ್ನು ಪಡೆದ ಬಹುಮಂದಿ ಯಾರು, ಪಡೆಯದೆ ಉಳಿದವರು ಯಾರು ಎಂಬುದನ್ನು ಕೇಳದೆ ತಲೆಗಳನ್ನು ಎಣಿಸಿದರೆ ನ್ಯಾಯದ ತಕ್ಕಡಿ ಸಹಜವಾಗಿಯೇ ಕಾಗದಪತ್ರವಿದ್ದವನ ಕಡೆಗೆ ವಾಲುತ್ತದೆ.

ಬಾಪಟರು ಕೈಬಿಡಲಿಲ್ಲ. ಮನುಷ್ಯರ ಪ್ರಾಣಕ್ಕೆ ಎರವಾಗದೆ ಕಂಪನಿಯ ಕೆಲಸಕ್ಕೆ ಹಾನಿಮಾಡಬಹುದೆಂಬುದು ಅವರ ವಾದವಾಗಿತ್ತು; ಅದಕ್ಕೆ ಶುದ್ಧ ಸತ್ಯಾಗ್ರಹವೆಂಬ ಹೆಸರನ್ನೂ ಕೊಟ್ಟರು. 1924ರ ಡಿಸೆಂಬರಿನಲ್ಲಿ ಅವರೂ ಕೆಲವು ಸಂಗಡಿಗರೂ ಅಣೆಕಟ್ಟಿನ ಕೆಲಸದ ರೈಲುಹಳಿಯ ಮೇಲೆ ಕಲ್ಲುಗಳನ್ನು ಒಟ್ಟಿ ಗಾಡಿಯನ್ನು ತಡೆದರು. ಬಾಪಟರ ಕೈಯಲ್ಲಿ ಪಿಸ್ತೂಲಿತ್ತು. ಕೆಲಸವಾದ ಮೇಲೆ ಅವರು ಓಡಲಿಲ್ಲ. ತಾವಾಗಿಯೇ ಸೆರೆಗೆ ಒಪ್ಪಿಸಿಕೊಂಡರು. ಏಳು ವರ್ಷಗಳ ಶಿಕ್ಷೆಯಾಯಿತು.

ಈ ಘಟನೆಯನ್ನು ನಾನು ಸಮರ್ಥಿಸುವವನಲ್ಲ. ಗಾಡಿಯಲ್ಲಿದ್ದವರೂ ಹೊಟ್ಟೆಪಾಡಿಗಾಗಿ ದುಡಿಯಬಂದವರೇ. ಒಬ್ಬ ಬಡವನ ಅನ್ನಕ್ಕಾಗಿ ಇನ್ನೊಬ್ಬ ಬಡವನ ಎದುರು ಪಿಸ್ತೂಲು ಹಿಡಿಯುವುದು ಯಾವ ಧರ್ಮ? ಪ್ಯಾರಿಸ್ಸಿನಲ್ಲಿ ಸಿಡಿಮದ್ದನ್ನು ಕಲಿತ ತರುಣ ಸಂಪೂರ್ಣವಾಗಿ ಸತ್ತಿರಲಿಲ್ಲವೆಂದೇ ಹೇಳಬೇಕು. ಆದರೆ ಮಾಡಿದ್ದನ್ನು ಮರೆಮಾಚದೆ, ಅದರ ಬೆಲೆಯನ್ನು ಬೇರೆಯವರ ಮೇಲೆ ಹೊರಿಸದೆ, ಏಳು ವರ್ಷಗಳನ್ನು ತಾನೇ ತೆತ್ತ ಮನುಷ್ಯನ ಮುಂದೆ ಟೀಕೆಯ ದನಿ ತಾನಾಗಿ ತಗ್ಗುತ್ತದೆ.

*

ಬಾಪಟರು ಸೆರೆಯಲ್ಲಿದ್ದಾಗಲೇ ಅಣೆಕಟ್ಟು ಮುಗಿಯಿತು. 1927ರಲ್ಲಿ ಭೀರಾದ ಯಂತ್ರಗಳು ತಿರುಗಿದವು. ಪೂರ್ವಕ್ಕೆ ಹರಿದು ಭೀಮೆಯನ್ನು ಸೇರಬೇಕಾಗಿದ್ದ ನೀರು ಬೆಟ್ಟವನ್ನು ಹಾದು, ಪಶ್ಚಿಮಕ್ಕೆ ಬಿದ್ದು, ಕುಂಡಲಿಕಾ ಹೊಳೆಯ ಮೂಲಕ ಅರಬ್ಬೀ ಸಮುದ್ರವನ್ನು ಸೇರತೊಡಗಿತು. ನಮ್ಮ ಭೀಮಾತೀರದವರು ಆಗಲೂ ಹೊಳೆಗೆ ಬಾಗಿನ ಕೊಡುತ್ತಿದ್ದರು. ಅದರ ಒಂದು ಕವಲು ದಿಕ್ಕು ಬದಲಿಸಿದ್ದನ್ನು ಅವರಿಗೆ ಯಾರೂ ಹೇಳಲಿಲ್ಲ. ಅಣೆಕಟ್ಟಿನಿಂದ ಯಾರು ಯಾರು ಕಳೆದುಕೊಳ್ಳುತ್ತಾರೆಂಬ ಪಟ್ಟಿ ಮುಳುಗುವ ಊರಿನ ಎಲ್ಲೆಯಲ್ಲಿಯೇ ಮುಗಿಯುವುದಿಲ್ಲ.

ಮುಳಶಿಯ ಜನ ಚದರಿಹೋದರು. ಕೆಲವರು ಬೆಟ್ಟದ ಮೇಲಿನ ಬಡಮಣ್ಣಿಗೆ ಏರಿದರು. ಕೆಲವರು ಕೂಲಿಯನ್ನು ಹುಡುಕಿಕೊಂಡು ಪಟ್ಟಣಗಳಿಗೆ ಇಳಿದರು. ಮುಂಬಯಿಯ ಗಿರಣಿಗಳು ಬೆಳಗಿದವು, ಬೆಳೆದವು, ಸಾವಿರಾರು ಜನರಿಗೆ ಕೆಲಸ ಕೊಟ್ಟವು. ಇದೂ ನಿಜ, ಇದನ್ನು ಹೇಳದೆ ಬಿಟ್ಟರೆ ನಾನು ಅರ್ಧ ಸತ್ಯವನ್ನು ಬರೆದಂತಾಗುತ್ತದೆ. ಪ್ರಶ್ನೆಯಿರುವುದು ವಿದ್ಯುತ್ತು ಬೇಕೇ ಬೇಡವೇ ಎಂಬುದರಲ್ಲಲ್ಲ. ದೀಪ ಒಂದು ಊರಿನದಾಗಿ, ಕತ್ತಲೆ ಇನ್ನೊಂದು ಊರಿನದಾಗಬೇಕೇ ಎಂಬುದರಲ್ಲಿ. ಭೂಮಿಗೆ ಭೂಮಿ, ಊರಿಗೆ ಊರು, ಬರುವ ಲಾಭದಲ್ಲಿ ಒಂದು ಪಾಲು, ಹೊಸ ಬೆಳೆ ಕೈಗೆ ಬರುವ ತನಕ ಆಸರೆ, ನೆಲವಿಲ್ಲದವನಿಗೆ ಕಸಬು: ಇಷ್ಟನ್ನು ಯೋಜನೆಯ ವೆಚ್ಚದಲ್ಲಿಯೇ ಸೇರಿಸಿ ಲೆಕ್ಕ ಹಾಕಿದ್ದರೆ, ಸೇನಾಪತಿಯೊಬ್ಬನ ಅಗತ್ಯವೇ ಬರುತ್ತಿರಲಿಲ್ಲವೆಂದು ನನಗನಿಸುತ್ತದೆ.

1931ರಲ್ಲಿ ಬಾಪಟರು ಹೊರಬಂದರು. ಅನಂತರವೂ ಅವರಿಗೆ ವಿಶ್ರಾಂತಿಯಿರಲಿಲ್ಲ. ಸುಭಾಷಚಂದ್ರ ಬೋಸರು ಏರ್ಪಡಿಸಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣಕ್ಕಾಗಿ ಮತ್ತೊಮ್ಮೆ ಸೆರೆ. 1947ರ ಆಗಸ್ಟ್ 15ರಂದು ಪುಣೆ ನಗರದಲ್ಲಿ ಸ್ವತಂತ್ರ ಭಾರತದ ಧ್ವಜವನ್ನು ಮೊದಲು ಏರಿಸುವ ಗೌರವ ಅವರ ಪಾಲಿಗೆ ಬಂತು. ಅಧಿಕಾರವನ್ನು ಬಯಸಲಿಲ್ಲ, ಚಳವಳಿಗಳನ್ನು ಬಿಡಲಿಲ್ಲ. ಗೋವಾ ವಿಮೋಚನೆ, ಸಂಯುಕ್ತ ಮಹಾರಾಷ್ಟ್ರ, ಕೊನೆಗೆ ನಾನು ಮೊದಲೇ ಹೇಳಿದ ಗಡಿಯ ಉಪವಾಸ. 1967ರ ನವೆಂಬರ್ 28ರಂದು, 87 ವರ್ಷಗಳನ್ನು ತುಂಬಿದ ಮೇಲೆ, ತೀರಿಕೊಂಡರು. ಹತ್ತು ವರ್ಷಗಳ ಅನಂತರ, 1977ರಲ್ಲಿ, ಅಂಚೆ ಇಲಾಖೆ ಅವರ ಚಿತ್ರವಿರುವ ಚೀಟಿಯನ್ನು ಹೊರತಂದಿತು. ರಾಜೇಂದ್ರ ವೋರಾ ಅವರ ವಿದ್ವತ್ಪೂರ್ಣ ಗ್ರಂಥವೊಂದು 2009ರಲ್ಲಿ ಪ್ರಕಟವಾಗಿ, ಮುಳಶಿಯ ಸತ್ಯಾಗ್ರಹವನ್ನು ಅಣೆಕಟ್ಟಿನ ವಿರುದ್ಧ ಜಗತ್ತಿನಲ್ಲಿ ನಡೆದ ಮೊದಲ ಚಳವಳಿಯೆಂದು ಕರೆಯಿತು.

*

ಸೋತ ಹೋರಾಟದಿಂದ ಏನು ಫಲವೆಂದು ಕೇಳುವವರುಂಟು. ಸ್ವಾತಂತ್ರ್ಯ ಬಂದ ಮೇಲೂ 1894ರ ಕಾಯಿದೆಯೇ ಉಳಿಯಿತು, ಅಣೆಕಟ್ಟುಗಳು ಹೆಚ್ಚಿದವು. ಯೋಜನೆಗಳಿಂದ ನೆಲೆ ತಪ್ಪಿದವರ ಪುನರ್ವಸತಿಗೆಂದೇ ಮಹಾರಾಷ್ಟ್ರ ಒಂದು ಶಾಸನವನ್ನು ಮಾಡಿದ್ದು 1976ರಲ್ಲಿ, ಬಾಪಟರು ತೀರಿಕೊಂಡು ಒಂಬತ್ತು ವರ್ಷಗಳಾದ ಮೇಲೆ. ಇಡೀ ದೇಶಕ್ಕೆ ಅನ್ವಯಿಸುವ ಹೊಸ ಕಾಯಿದೆ 2013ರಲ್ಲಿ ಅಂಗೀಕಾರವಾಗಿ, 2014ರ ಜನವರಿ 1ರಿಂದ ಜಾರಿಗೆ ಬಂದು, ಹಳೆಯದನ್ನು ರದ್ದುಮಾಡಿತು. ಅದರ ಒಂದು ಅಂಶ ನನ್ನ ಗಮನವನ್ನು ಸೆಳೆಯಿತು. ಬಾಧಿತ ಕುಟುಂಬವೆಂದರೆ ಭೂಮಿಯ ಒಡೆಯನದಷ್ಟೇ ಅಲ್ಲ. ಸ್ವಾಧೀನಕ್ಕೆ ಹಿಂದಿನ ಮೂರು ವರ್ಷ ಆ ಪ್ರದೇಶದಲ್ಲಿ ದುಡಿದು ಬದುಕಿದ ಗೇಣಿದಾರ, ಕೃಷಿಕೂಲಿ, ಕುಶಲಕರ್ಮಿ ಇವರೂ ಅದರಲ್ಲಿ ಸೇರುತ್ತಾರೆ. ಪರಿಹಾರದ ಜೊತೆಗೆ ಪುನರ್ವಸತಿ ಎಂಬ ಪದ ಕಾಯಿದೆಯ ಹೆಸರಿನಲ್ಲಿಯೇ ಬಂದು ಕೂತಿತು. ಮುಳಶಿಯ ಮಾವಳಿಯನ್ನೂ ಅವನ ಊರಿನ ಕುಂಬಾರನನ್ನೂ ನಮ್ಮ ಶಾಸನ ಕಣ್ಣೆತ್ತಿ ನೋಡಲು 1921ರಿಂದ 92 ವರ್ಷಗಳು ಬೇಕಾದವು.

ಕಾಯಿದೆಯ ಪುಟದಿಂದ ಬದುಕಿನ ಅಂಗಳಕ್ಕೆ ದೂರ ಇನ್ನೂ ಬಹಳವಿದೆ. ಕನ್ನಡನಾಡಿನಲ್ಲಿ ಇದಕ್ಕೆ ಸಾಕ್ಷಿಗಳು ಕಡಿಮೆಯೇ? 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ನಾಡಿಗೆಲ್ಲ ಬೆಳಕನ್ನು ಕೊಟ್ಟಿತು. ಆ ಬೆಳಕಿಗಾಗಿ ಶರಾವತಿಯ ಕಣಿವೆಯನ್ನು ಬಿಟ್ಟು, ಲಾರಿಗಳಲ್ಲಿ ಸಾಮಾನು ಹೇರಿಕೊಂಡು ಹೊರಟ ಮಲೆನಾಡಿನ ಒಕ್ಕಲುಗಳು, ತಾವು ನೆಲೆನಿಂತ ಕಾಡುಭೂಮಿಯ ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಕಚೇರಿಗಳ ಮೆಟ್ಟಿಲು ಹತ್ತಿದರು. ಆಲಮಟ್ಟಿಯ ಹಿನ್ನೀರಿಗೆ ಬಾಗಲಕೋಟೆಯ ಹಳೆಯ ಪೇಟೆಯ ಬೀದಿಗಳು ಬಲಿಯಾದವು. ನವನಗರದಲ್ಲಿ ಮನೆ ಸಿಕ್ಕಿತಾದರೂ ಹಳೆಯ ಗಿರಾಕಿಯನ್ನು ಯಾವ ಕಚೇರಿಯೂ ಹಂಚಿಕೊಡಲಾರದು. ನಿವೇಶನವನ್ನು ಅಳೆದು ಕೊಡಬಹುದು. ನೆರೆಹೊರೆಯ ನಂಟನ್ನು, ಋತುಗಳ ಪರಿಚಯವನ್ನು, ಸಾಲ ಕೇಳಿದರೆ ಇಲ್ಲವೆನ್ನದ ಅಂಗಡಿಯವನನ್ನು ಅಳೆಯುವ ಸರಪಳಿ ಇನ್ನೂ ತಯಾರಾಗಿಲ್ಲ.

ಪುಣೆಯಿಂದ ಹೊರಡುವ ಮುನ್ನ ಒಂದು ದಿನ ಮುಳಶಿಗೆ ಹೋಗಿದ್ದೆ. ಮಳೆ ಆಗತಾನೆ ನಿಂತಿತ್ತು. ಬೆಟ್ಟಗಳ ನಡುವೆ ನೀರು ಅಪಾರವಾಗಿ, ನಿಶ್ಚಲವಾಗಿ ಹರಡಿತ್ತು. ಬಿಡುವಿನ ದಿನವಾದ್ದರಿಂದ ನಗರದ ಜನ ದಂಡೆಯಲ್ಲಿ ನೆರೆದು ಸೊಬಗನ್ನು ಸವಿಯುತ್ತಿದ್ದರು. ನೋಟ ನಿಜವಾಗಿಯೂ ಚೆಲುವಾಗಿತ್ತು. ನನ್ನ ಕಣ್ಣೂ ತಣಿಯಿತು. ಆ ತಣಿವಿಗೆ ನಾಚಿಕೆಯೂ ಆಯಿತು. ನೀರಿನ ಕೆಳಗೆ ಯಾರ ಅಂಗಳ, ಯಾರ ಕಣ ಎಂದು ಹೇಳುವ ಗುರುತು ನಾನು ನಿಂತ ಜಾಗದಲ್ಲಿ ನನಗೆ ಕಾಣಲಿಲ್ಲ.

ಅಂದು ಸಂಜೆ ಮತ್ತೆ ಅದೇ ರಸ್ತೆಯಲ್ಲಿ, ದೀಪಗಳ ಕೆಳಗೆ, ಅದೇ ವಿದ್ಯಾರ್ಥಿಗಳೊಡನೆ ನಡೆದೆ. ಸೇನಾಪತಿಯ ಸೈನ್ಯ ಯಾವುದೆಂಬುದನ್ನು ಅವರಿಗೆ ಹೇಳಿದೆ. ಆ ಸೈನ್ಯದವರ ಮಕ್ಕಳು ಮರಿಮಕ್ಕಳು ಈಗ ಎಲ್ಲಿದ್ದಾರೆಂದು ಅವರಲ್ಲೊಬ್ಬನು ಕೇಳಿದ. ಬಾಪಟರು ತಮ್ಮ ಬಾಳಿನ ಹತ್ತು ವರ್ಷಗಳನ್ನು ತೆತ್ತು ಈ ದೇಶಕ್ಕೆ ಕಲಿಸಲೆತ್ನಿಸಿದ್ದು ಈ ಒಂದು ಪ್ರಶ್ನೆಯನ್ನೇ. ಇನ್ನು ಯಾವ ಅಣೆಕಟ್ಟಿನ, ಯಾವ ಹೆದ್ದಾರಿಯ, ಯಾವ ಕಾರ್ಖಾನೆಯ ಅಡಿಗಲ್ಲನ್ನು ನೆಡುವಾಗಲೂ ನಾವು ಅದನ್ನು ಮೊದಲೇ ಕೇಳುವಂತಾದರೆ, ಮುಳಶಿಯಲ್ಲಿ ಸೋತವರ ಋಣ ಸ್ವಲ್ಪವಾದರೂ ತೀರೀತು.